ಗರಡಿ ಹಾಲು ಕುಡಿದ ಸೆಂಟರ್ ಫಾರ್ವರ್ಡ್

ನಮ್ಮ ಮನೆತನದಲ್ಲಿ ಕಾಲಿಗೆ ಎರಡೇ ಕೆಲಸ. ಒಂದು, ಹೊಲಕ್ಕೆ ನಡೆಯುವುದು. ಇನ್ನೊಂದು, ಎದುರಾಳಿಯ ಕಾಲಿಗೆ ತೊಡರು ಹಾಕಿ ಅವನನ್ನು ಕೆಡವುವುದು. ಅಪ್ಪ ತನ್ನ ಕಾಲದಲ್ಲಿ ತಿಕೋಟಾದ ಪೈಲ್ವಾನ. ಮಟ್ಟಿಯಲ್ಲಿ, ಅಂದರೆ ಗರಡಿಯ ಕೆಮ್ಮಣ್ಣಿನಲ್ಲಿ, ಉಜ್ಜಿ ಉಜ್ಜಿ ಅವನ ಎರಡೂ ಕಿವಿಗಳು ಹಿಂಡಿ ಬಿಸಾಕಿದ ನಿಂಬೆಹೋಳಿನಂತೆ ಮುದುಡಿದ್ದವು. ನಾನು ಹುಟ್ಟಿದಾಗ ಸೂಲಗಿತ್ತಿ ಹೊರಗೆ ಬಂದು ಗಂಡುಕೂಸು ಎಂದಳಂತೆ. ಅಪ್ಪ ಕೇಳಿದ ಮೊದಲ ಪ್ರಶ್ನೆ, ‘ಎದಿ ಹೆಂಗೈತಿ?’ ಎದೆ ಗುಬ್ಬಚ್ಚಿಯದಾಗಿತ್ತು. ಸೂಲಗಿತ್ತಿ ಜಾಣೆ, ಬೆಳೀತೈತಿ ಎಂದು ಹೇಳಿ ಸೀರೆ ಇಸಿದುಕೊಂಡು ಹೋದಳು.

ಎದೆ ಬೆಳೆಯಲಿಲ್ಲ. ಏಳೆಂಟು ವರ್ಷದವನಿದ್ದಾಗ ಅಪ್ಪ ನನಗೆ ಲಂಗೋಟ ಕಟ್ಟಿ ಗರಡಿಗೆ ಇಳಿಸಿದ. ನನ್ನ ಓರಗೆಯ ಹುಡುಗರೆಲ್ಲ ಸೇರಿ ನನ್ನನ್ನು ಒಬ್ಬರಾದ ಮೇಲೊಬ್ಬರು ಕೆಡವಿ, ಬೆನ್ನು ಮಣ್ಣಿಗೆ ಹಚ್ಚಿ ಚಿತ್ ಮಾಡಿದರು. ಮಣ್ಣು ಉಗುಳುತ್ತ ಎದ್ದು ನಿಂತರೆ ಅಪ್ಪ ಬೇರೆ ಕಡೆ ನೋಡುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ, ಹೊಡೆಯಲಿಲ್ಲ, ನನ್ನನ್ನು ಕೈಬಿಟ್ಟ. ಓದಲಿ ಎಂದು ನಗರಕ್ಕೆ ಕಳಿಸಿದ್ದು ಆಮೇಲೆ. ಪೈಲ್ವಾನನ ಮನೆಯಲ್ಲಿ ಓದು ಎಂದರೆ ಸೋತವರಿಗೆ ಕೊಡುವ ಬಹುಮಾನ.

ಈಗ ವಿಜಯಪುರ ಎನ್ನುತ್ತಾರೆ, ನಮ್ಮ ಬಾಯಲ್ಲಿ ಅದು ವಿಜಾಪುರ. ಜೋರಾಪುರ ಪೇಟೆಯಲ್ಲಿ ಅಪ್ಪನ ತಂಗಿಯ ಮನೆ. ಅತ್ತೆಯ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋದೆ. ಹೋದೆ ಎನ್ನುವುದು ದೊಡ್ಡ ಮಾತು. ಶಾಲೆಗಿಂತ ಹೆಚ್ಚು ಹೊತ್ತು ಕೋಟೆಗೋಡೆಯ ಆಚೆಗಿನ ಬಯಲಲ್ಲಿ ಇರುತ್ತಿದ್ದೆ. ಅಲ್ಲಿ ಪೇಟೆಯ ಹುಡುಗರು ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಚೆಂಡಿನ ಬ್ಲ್ಯಾಡರಿಗೆ ಸೈಕಲ್ ಅಂಗಡಿಯವನಿಂದ ಎಷ್ಟು ಪಂಕ್ಚರ್ ಹಾಕಿಸಿದ್ದರೆಂದರೆ ಅದು ಒಂದು ಮಗ್ಗುಲಿಗೆ ಉಬ್ಬಿಕೊಂಡು, ಒದ್ದವನಿಗೂ ಗೊತ್ತಾಗದ ದಿಕ್ಕಿಗೆ ಹೋಗುತ್ತಿತ್ತು. ಆ ಚೆಂಡಿನ ಹಿಂದೆ ಓಡುವಾಗ ನನಗೆ ಒಂದು ಸಂಗತಿ ತಿಳಿಯಿತು. ನಿಂತ ಜಾಗದಿಂದ ಹೊರಟು ಮೊದಲ ಕೆಲವು ಹೆಜ್ಜೆಗಳಲ್ಲಿ ನನ್ನನ್ನು ಹಿಡಿಯುವವರು ಯಾರೂ ಇಲ್ಲ. ದೂರ ಓಡಿದರೆ ಎಲ್ಲರೂ ಹಿಡಿಯುತ್ತಿದ್ದರು. ಆದರೆ ಎದುರಾಳಿಯ ಗೋಲಿನ ಮುಂದೆ ನಿಲ್ಲುವ ಸೆಂಟರ್ ಫಾರ್ವರ್ಡ್ ಆಟಗಾರನಿಗೆ ದೂರ ಓಡುವುದು ಬೇಕಿಲ್ಲ. ಕಾಯುವವನ ಬೆನ್ನ ಹಿಂದೆ ಚೆಂಡು ಬೀಳುತ್ತದೆ, ಅವನು ಹೊರಳುವುದರೊಳಗೆ ನೀನು ಅಲ್ಲಿರಬೇಕು. ನನ್ನ ಬಂಡವಾಳ ಅಷ್ಟೇ. ಹೊಡೆತದಲ್ಲಿ ಬಲವಿರಲಿಲ್ಲ, ತಲೆಯಿಂದ ಚೆಂಡು ಹೊಡೆಯಲು ಎತ್ತರವಿರಲಿಲ್ಲ. ನಾನು ಮೊದಲು ತಲುಪುತ್ತಿದ್ದೆ.

ರಜೆಗೆ ತಿಕೋಟಾಕ್ಕೆ ಹೋದಾಗ ಅವ್ವ ಈ ಸುದ್ದಿಯನ್ನು ಸಂಭ್ರಮದಿಂದ ಅಪ್ಪನ ಮುಂದಿಟ್ಟಳು. ಅಪ್ಪ ರೊಟ್ಟಿ ಮುರಿಯುತ್ತಿದ್ದ.

‘ಒದಿಯೂದು ಕತ್ತೆ ಕೆಲಸ. ಮನಶ್ಯಾನ ಕೆಲಸ ಹಿಡಿಯೂದು,’ ಎಂದ. ಆ ಬಗ್ಗೆ ಅವನು ಮತ್ತೆ ಮಾತಾಡಿದ್ದು ಹತ್ತು ವರ್ಷ ಕಳೆದ ಮೇಲೆ.

ಮ್ಯಾಟ್ರಿಕ್‌ನಲ್ಲಿ ಡುಮ್ಕಿ ಹೊಡೆದೆ. ಐವತ್ತರ ದಶಕ ಮುಗಿಯುತ್ತಿತ್ತು. ಸೊಲ್ಲಾಪುರದ ಒಂದು ಹತ್ತಿ ಗಿರಣಿಗೆ ಫುಟ್‌ಬಾಲ್ ಟೀಮಿತ್ತು. ನಮ್ಮ ಪೇಟೆಯ ಕ್ಲಬ್ಬಿನ ಮೇಲೆ ಅವರು ಆಡಲು ಬಂದಾಗ ನಾನು ಗೋಲು ಹೊಡೆದೆ. ಅವರ ಜಾಬರ್, ಅಂದರೆ ಖಾತೆಯ ಮುಕಾದಮ, ಅಂದೇ ಸಂಜೆ ಅತ್ತೆಯ ಮನೆಗೆ ಬಂದು ಚಹಾ ಕುಡಿದು ನನ್ನನ್ನು ಕರೆದುಕೊಂಡು ಹೋದ. ಗಿರಣಿಯಲ್ಲಿ ನಾನು ಬದಲಿ. ಕಾಯಂ ಕೆಲಸಗಾರ ಯಾರಾದರೂ ಬಾರದಿದ್ದರೆ ಆ ದಿನ ಅವನ ಯಂತ್ರದ ಮುಂದೆ ನಿಲ್ಲುವವನು. ಮುಂಜಾನೆ ಗೇಟಿನಲ್ಲಿ ನಿಂತು, ಇಂದು ಯಾರಿಗಾದರೂ ಜ್ವರ ಬಂದಿರಲಿ ದೇವರೇ ಎಂದು ಬೇಡಿಕೊಳ್ಳುವ ಕೆಲಸ. ಟೀಮಿಗೆ ಗೋಲು ಹೊಡೆಯುತ್ತಿರು, ಬರುವ ಹಂಗಾಮಿಗೆ ಕಾಯಂ ಮಾಡಿಸುತ್ತೇನೆ ಎಂದು ಜಾಬರ್ ಹೇಳುತ್ತಿದ್ದ. ಹಂಗಾಮು ಬರುತ್ತಿತ್ತು, ಹೋಗುತ್ತಿತ್ತು.

ಹೊಟ್ಟೆಗಾಗಿ ಆಡುವ ಆಟಗಾರರ ಸಂತೆಯೇ ಇತ್ತು ಆ ಕಾಲಕ್ಕೆ. ಗದಗಿನಲ್ಲಿ, ಹುಬ್ಬಳ್ಳಿಯಲ್ಲಿ, ಬೆಳಗಾವಿಯಲ್ಲಿ ಎಲ್ಲಿ ಟೂರ್ನಮೆಂಟ್ ನಡೆದರೂ ಯಾವುದೋ ಟೀಮಿಗೆ ಒಬ್ಬ ಕಡಿಮೆ ಬೀಳುತ್ತಿದ್ದ. ಕರೆದರೆ ಹೋಗುತ್ತಿದ್ದೆ. ಬಾರದೆ ಉಳಿದವನ ಹೆಸರಿನಲ್ಲಿಯೇ ಆಡಬೇಕು, ಅವನ ಅಂಗಿಯನ್ನೇ ಹಾಕಿಕೊಳ್ಳಬೇಕು. ಒಮ್ಮೆ ಗದಗಿನಲ್ಲಿ ಗೋಲು ಹೊಡೆದಾಗ ಜನ ಯಾರದೋ ಹೆಸರು ಕೂಗಿ ಚಪ್ಪಾಳೆ ತಟ್ಟಿದರು. ನಾನೂ ಆಚೆಈಚೆ ನೋಡಿದೆ, ಯಾರಪ್ಪ ಇವನು ಎಂದು. ಬಸ್ ಚಾರ್ಜು, ಊಟ, ಮಲಗಲು ಯಾವುದೋ ಶಾಲೆಯ ವರಾಂಡ. ಇದಕ್ಕೆ ಆಟದ ಬದುಕು ಎಂದು ಹೆಸರಿಟ್ಟುಕೊಂಡು ಐದಾರು ವರ್ಷ ತಿರುಗಿದೆ. ಎಲ್ಲರೂ ಹುಡುಗ ಚಲೋ ಆಡ್ತಾನ ಎನ್ನುತ್ತಿದ್ದರು. ನಮ್ಮಲ್ಲಿಗೇ ಬಂದುಬಿಡು ಎಂದು ಮಾತ್ರ ಯಾರೂ ಅನ್ನಲಿಲ್ಲ.

ಆ ಮಾತು ಬಂದಿದ್ದು ಒಂದೇ ಒಂದು ಸಲ. ಮುಂಗಾರಿಗೆ ಮುಂಚೆ ಹುಬ್ಬಳ್ಳಿಯಲ್ಲಿ ಆಡಿದಾಗ, ಪಂದ್ಯ ಮುಗಿದ ಮೇಲೆ ಬಿಳಿ ಟೋಪಿ ಹಾಕಿಕೊಂಡ ವಯಸ್ಸಾದವರೊಬ್ಬರು ನನ್ನ ಹತ್ತಿರ ಬಂದರು. ರೈಲ್ವೆ ಟೀಮಿನ ತರಬೇತುದಾರರು. ನನ್ನ ನಿಜವಾದ ಹೆಸರು ಕೇಳಿದರು. ಅದೇ ದೊಡ್ಡ ಮರ್ಯಾದೆಯಾಗಿತ್ತು ನನಗೆ.

‘ನಮ್ಮ ಸೆಂಟರ್ ಫಾರ್ವರ್ಡಗ ವಯಸ್ಸಾತು. ದಸರಾ ಮುಗಿದ ಮ್ಯಾಲ ಬಾ, ಟ್ರಯಲ್ ತಗೋತೀನಿ. ನಿಂದು ಆ ಮೊದಲನೇ ಜಿಗತ ಐತೆಲ್ಲಾ, ಅದನ್ನ ಹಂಗ ಇಟ್ಟುಕೊಂಡು ಬಾ. ಆಯ್ಕೆ ಆದ್ರ ಕಾಯಂ ನೌಕರಿ,’ ಎಂದರು.

ಕಾಯಂ. ಆ ಶಬ್ದದ ತೂಕ ಇಂದಿನವರಿಗೆ ಹೇಳಿ ತಿಳಿಸುವುದು ಕಷ್ಟ. ರೈಲ್ವೆ ನೌಕರಿ ಎಂದರೆ ಕ್ವಾರ್ಟರ್ಸು, ಪಾಸು, ಸಾಯುವ ತನಕ ಗಂಜಿ. ಬೆಳಿಗ್ಗೆ ಗೇಟಿನಲ್ಲಿ ನಿಂತು ಇನ್ನೊಬ್ಬನ ಜ್ವರಕ್ಕೆ ಕಾಯಬೇಕಿಲ್ಲ. ನನಗೆ ಆಗಲೇ ವಯಸ್ಸು ಮಿತಿಯ ಹತ್ತಿರ ಬಂದಿತ್ತು, ಇದನ್ನು ಬಿಟ್ಟರೆ ಇನ್ನೊಂದು ಬಾಗಿಲು ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮಳೆಗಾಲದಲ್ಲಿ ಟೂರ್ನಮೆಂಟೂ ಇಲ್ಲ, ಗಿರಣಿಯಲ್ಲಿ ಬದಲಿಯವರಿಗೆ ಕೆಲಸವೂ ಕಡಿಮೆ. ನಾಗರ ಪಂಚಮಿಗೆ ತಿಕೋಟಾಕ್ಕೆ ಬಂದೆ. ಬಂದು ಅಪ್ಪನ ಮುಂದೆ ಹೇಳಿದೆ. ತಪ್ಪು ಎಂದರೆ ಅದೇ ಇರಬಹುದು, ಆದರೆ ಇಂಥ ಸುದ್ದಿಯನ್ನು ಹೆತ್ತ ತಂದೆಗೆ ಹೇಳದೆ ಯಾರಿಗೆ ಹೇಳಬೇಕು?

ಅಪ್ಪ ಬಹಳ ಹೊತ್ತು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಗರಡಿಯಲ್ಲಿ ನನ್ನ ಕಡೆ ನೋಡದೆ ಮುಖ ತಿರುಗಿಸಿದ ಮನುಷ್ಯ ಅಂದು ಕಣ್ಣು ಕೀಳದೆ ನೋಡಿದ. ಆಮೇಲೆ ಎದ್ದು ಬಂದು ನನ್ನ ತೊಡೆ ಹಿಚುಕಿದ, ತೋಳು ಹಿಚುಕಿದ.

‘ಈ ಮೈ ತಗೊಂಡು ರೈಲ್ವೆಯವರ ಮುಂದ ನಿಲ್ತೀಯೇನು? ಸರಕಾರದವರು ಅವರು. ಮೈ ನೋಡೇ ತಗೋತಾರ. ಇನ್ನೂ ಎರಡು ತಿಂಗಳ ಟೈಮ್ ಐತಿ. ನಾಳೆ ನಿಮ್ಮ ಮಾಮಾನ ಕಡೆ ನಡಿ.’

‘ಯಪ್ಪಾ, ಇದು ಓಡೂ ಆಟ,’ ಎಂದೆ.

‘ನಾವೇನು ಓಡಿಲ್ಲೇನು? ದಿನಾ ಮುಂಜಾನೆ ಹೊಲದ ತನಕ ಓಡಿ ಬರ್ತಿದ್ವಿ. ಹಾಲು ಕುಡದ ಮೈ ಓಡಾಕೂ ಬರತೈತಿ, ಒದಿಯಾಕೂ ಬರತೈತಿ.’

ಹೀಗೆ ನನ್ನನ್ನು ಬಬಲೇಶ್ವರಕ್ಕೆ ಒಯ್ದರು. ಅವ್ವನ ಅಣ್ಣ ಅಲ್ಲಿಯ ಗರಡಿಯ ವಸ್ತಾದ, ಹುಡುಗರಿಗೆ ಪಟ್ಟು ಕಲಿಸುವ ಗುರು. ದೇಹ ಬಾಗಿಲಿನಷ್ಟಿತ್ತು, ಮನಸ್ಸು ಬೆಣ್ಣೆ. ನನ್ನನ್ನು ಕಂಡ ಕೂಡಲೇ, ‘ಅಳಿಯಾ, ನಿನ್ನ ಎತ್ತಿ ಜೇಬಿನಾಗ ಇಟಗೋಬಹುದಲ್ಲೋ. ಗಾಳಿ ಬಂದ್ರ ಏನ್ ಮಾಡ್ತಿ?’ ಎಂದು ನಕ್ಕ. ಅಂದು ಸಂಜೆಯೇ ಊರ ಹಿರಿಯರ ಕಿವಿಗೆ ಹಾಕಿದ. ತಿಕೋಟಾದ ಪೈಲ್ವಾನನ ಮಗ, ನಮ್ಮ ಊರ ಅಳಿಯ, ಸರಕಾರದ ಆಟಕ್ಕೆ ಹೊರಟಿದ್ದಾನೆ.

ನಮ್ಮ ಕಡೆಯ ಗರಡಿಗಳಲ್ಲಿ ಒಂದು ಪದ್ಧತಿಯಿತ್ತು. ಊರ ಮರ್ಯಾದೆಗಾಗಿ ದೊಡ್ಡ ಕುಸ್ತಿಗೆ ಇಳಿಯುವ ಪೈಲ್ವಾನ ತನ್ನ ಮನೆಯ ಅನ್ನ ಉಣ್ಣುವಂತಿಲ್ಲ, ಅವನನ್ನು ಊರು ಸಾಕುತ್ತದೆ. ಮನೆಗೊಂದು ಪಾಳಿ. ಯಾವ ಮನೆಯ ಪಾಳಿ ಬಂತೋ ಆ ಮನೆಯ ಎಮ್ಮೆಯ ಸಂಜೆಯ ಹಾಲು ಅಷ್ಟೂ ಗರಡಿಗೆ ಬರಬೇಕು. ಆ ದಿನ ಆ ಮನೆಯ ಮಕ್ಕಳಿಗೆ ಮಜ್ಜಿಗೆ. ಯಾರೂ ಬೇಸರಪಡುತ್ತಿರಲಿಲ್ಲ, ಪಾಳಿ ತಪ್ಪಿದರೆ ಬೇಸರಪಡುತ್ತಿದ್ದರು. ಕುಸ್ತಿಗೆ ಇದ್ದ ಆ ಪದ್ಧತಿಯನ್ನು ಬಬಲೇಶ್ವರದವರು ನನಗಾಗಿ ಫುಟ್‌ಬಾಲಿಗೂ ಹಚ್ಚಿದರು. ಅವರಲ್ಲಿ ಒಬ್ಬರೂ ಆ ಆಟ ನೋಡಿದವರಲ್ಲ.

ಮುಂಜಾನೆ ದಂಡ, ಬೈಠಕ್. ಆಮೇಲೆ ಮಟ್ಟಿ ಅಗೆಯುವುದು. ಮಾವನ ಶಿಷ್ಯರು ಇಬ್ಬಿಬ್ಬರು ನನ್ನ ಹೆಗಲ ಮೇಲೆ ಕೂತು, ಬೈಠಕ್ ಹೊಡಿ ಎನ್ನುತ್ತಿದ್ದರು. ಮಧ್ಯಾಹ್ನ ತುಪ್ಪ ತೇಲುವ ಗೋದಿ ಹುಗ್ಗಿ. ಸಂಜೆ ಬಾದಾಮಿ ಅರೆದು ಹಾಕಿದ ಹಾಲು, ತಂಬಿಗೆಗಟ್ಟಲೆ. ಸಂತೆಯ ದಿನ ಅಪ್ಪ ತಿಕೋಟಾದಿಂದ ತುಪ್ಪದ ಗಡಿಗೆ ಹಿಡಿದು ಬರುತ್ತಿದ್ದ. ಬಂದವನು ಮೊದಲು ನನ್ನ ತೊಡೆ ಮುಟ್ಟಿ ನೋಡುತ್ತಿದ್ದ, ಆಮೇಲೆ ನೀರು ಕೇಳುತ್ತಿದ್ದ. ಒಂದು ಸಲ ಮಾವನಿಗೆ ಅವನು ಹೇಳಿದ್ದು ನನ್ನ ಕಿವಿಗೆ ಬಿತ್ತು. ‘ನನ್ನ ಮಗಾ ಈಗ ನನ್ನ ಮಗಾ ಆದ ನೋಡು.’

ಆ ಮಾತು ಕೇಳಿ ನನಗೆ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ. ಇಪ್ಪತ್ತು ವರ್ಷ ಅದಕ್ಕಾಗಿ ಕಾದಿದ್ದೆ. ಆ ಸಂಜೆ ಎರಡು ತಂಬಿಗೆ ಹಾಲು ಕೇಳಿ ಕುಡಿದೆ.

ಚೆಂಡು ಇರಲಿಲ್ಲ. ನಗರದಲ್ಲಿ ಕ್ಲಬ್ಬಿನವರದೊಂದು ಚೆಂಡು, ಬಬಲೇಶ್ವರದಲ್ಲಿ ಅದರ ಸುದ್ದಿಯೂ ಇಲ್ಲ. ನಗರಕ್ಕೆ ಹೋಗಿ ಆಡಿ ಬರುತ್ತೇನೆ ಎಂದು ಎರಡು ಸಲ ಕೇಳಿದೆ. ಮಾವ ಕೈ ಅಡ್ಡ ಹಿಡಿದ. ‘ತಾಲೀಮಿನ ನಡುವ ಮೈ ಗಾಳಿಗೆ ಬಿಡಬಾರದೋ ಅಳಿಯಾ. ಕಣಕ್ಕ ಇಳಿಯೂ ದಿನಾನ ಇಳಿ.’ ಅವನ ಶಾಸ್ತ್ರದಲ್ಲಿ ಅದು ಸತ್ಯ. ಆ ಶಾಸ್ತ್ರದಿಂದ ಅವನು ಎಷ್ಟೋ ಪೈಲ್ವಾನರನ್ನು ತಯಾರು ಮಾಡಿದ್ದ.

ನನಗೆ ಗೊತ್ತಾಗಿದ್ದು ಒಂದು ಸಂತೆಯ ದಿನ. ಮಾವನ ಮನೆಯ ಆಡು ಹಗ್ಗ ಹರಿದುಕೊಂಡು ಸಂತೆಯೊಳಗೆ ನುಗ್ಗಿತು. ನಾನು ಬೆನ್ನು ಹತ್ತಿದೆ. ಮೊದಲಾಗಿದ್ದರೆ ಅದು ಸಂತೆಯ ಅಂಚು ತಲುಪುವುದರೊಳಗೆ ಅದರ ಕಿವಿ ನನ್ನ ಕೈಯಲ್ಲಿರುತ್ತಿತ್ತು. ಅಂದು ನನ್ನ ಮನಸ್ಸು ಹೊರಟಿತು, ಮೈ ಆಮೇಲೆ ಹೊರಟಿತು. ಆಡು ತಿರುಗಿ ನೋಡಿ, ಅವಸರವಿಲ್ಲದೆ, ಉಳ್ಳಾಗಡ್ಡಿ ರಾಶಿ ದಾಟಿ ಹೋಯಿತು. ಕೊನೆಗೆ ಅದನ್ನು ಹಿಡಿದದ್ದು ಮೆಣಸಿನಕಾಯಿ ಮಾರುತ್ತಿದ್ದ ಒಬ್ಬ ಮುದುಕಿ, ಕೂತಲ್ಲಿಂದಲೇ. ಏದುಸಿರು ಬಿಡುತ್ತ ನಿಂತ ನನ್ನನ್ನು ನೋಡಿ ಆಕೆ ಮೆಚ್ಚಿಗೆಯಿಂದ ಹೇಳಿದಳು: ‘ಎಷ್ಟ ಗಂಭೀರ ಓಡ್ತಾನವ್ವಾ, ಆನಿ ಬಂದಂಗಾತು.’ ಸುತ್ತಲಿನವರಿಗೆಲ್ಲ ಹೆಮ್ಮೆ. ಅವರ ಮನೆಯ ಹಾಲಿಗೆ ಬಂದ ಫಲವಲ್ಲವೇ ಅದು.

ನನಗೆ ಮಾತ್ರ ಭಯ. ಅಂದೇ ಮಾವನಿಗೆ ಹೇಳಿದೆ, ಮಾಮಾ, ನನ್ನ ಕಾಲು ಏಳವೊಲ್ಲವು, ಹಾಲು ನಿಲ್ಲಿಸು. ಅವನು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದ. ‘ಶಕ್ತಿ ಬರೂ ಮುಂದ ಹಂಗ ಜಡಾ ಅನಸ್ತೈತಿ. ಎಲ್ಲಾ ಪೈಲ್ವಾನರೂ ಹಿಂಗ ಅಂತಾರ. ಇನ್ನೊಂದು ಹದಿನೈದು ದಿನ ತಡಿ, ಹೆಂಗ ಹಾರತಿ ನೋಡು.’ ಮರುದಿನ ಪಾಳಿ ಇದ್ದದ್ದು ಊರಂಚಿನ ಕುರುಬರ ಮನೆಯದು. ಆ ಮನೆಯಲ್ಲಿ ಆಗಷ್ಟೇ ಹೆರಿಗೆಯಾಗಿತ್ತು. ಬಾಣಂತಿಗೆ ಬೇಕಾದ ಹಾಲನ್ನು ಅವಳ ಅತ್ತೆ ಸೆರಗು ಮುಚ್ಚಿಕೊಂಡು ತಂದು ನನ್ನ ಮುಂದಿಟ್ಟು, ‘ಗೆದ್ದು ಬಾಪಾ,’ ಎಂದಳು. ಬೇಡ ಎನ್ನುವುದು ಹೇಗೆ? ನೀವು ಯಾರಾದರೂ ಅಂದುಬಿಡುತ್ತಿದ್ದಿರೇನೋ. ನನ್ನ ಬಾಯಿಂದ ಬರಲಿಲ್ಲ. ಊಟ ತನ್ನಿಚ್ಛೆ ಎಂದು ಗಾದೆ ಮಾಡಿದವನು ಗರಡಿಯಲ್ಲಿ ಉಂಡವನಲ್ಲ.

ದಸರಾ ಮುಗಿಯಿತು. ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬಿದ್ದು ರೈಲು ಹತ್ತಿದೆ. ಅಪ್ಪ ವಿಜಾಪುರದ ಸ್ಟೇಷನ್ನಿನವರೆಗೆ ಬಂದ. ಡಬ್ಬಿಯ ಬಾಗಿಲಲ್ಲಿ ನಿಂತ ನನ್ನನ್ನು ಪ್ಲಾಟ್‌ಫಾರ್ಮಿನ ಜನರೆಲ್ಲ ನೋಡುವುದನ್ನು ಅವನು ನೋಡಿದ. ಹೊಸ ಪಟಕ ಸುತ್ತಿದ್ದ ಅವನ ಮುಖ ಅಷ್ಟು ಬೆಳಕಾಗಿ ಇದ್ದುದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಹುಬ್ಬಳ್ಳಿಯ ಮೈದಾನಕ್ಕೆ ಹೋದರೆ ಬಿಳಿ ಟೋಪಿಯ ತರಬೇತುದಾರರು ನನ್ನನ್ನು ಗುರುತಿಸಲಿಲ್ಲ. ಹೆಸರು ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

‘ನಾ ಕರದಿದ್ದು ನಿನಗಲ್ಲೋ. ನಿಮ್ಮಣ್ಣ ಬಂದಾನೇನು?’

ಜೊತೆಗಿದ್ದವರು ನಕ್ಕರು. ಅವರು ನಗಲಿಲ್ಲ. ಆದರೂ ಆಡಿಸಿದರು, ಬೇಗ ಕೈಬಿಡಲಿಲ್ಲ. ನನಗೆಂದೇ ಚೆಂಡು ಹಾಕಿಸಿದರು, ಕಾಯುವವನ ಬೆನ್ನ ಹಿಂದೆ, ನನಗೆ ಬೇಕಾದಲ್ಲಿಯೇ. ಬರಿಗಾಲಿನಲ್ಲಿ ಉಬ್ಬು ಚೆಂಡಿನ ಹಿಂದೆ ಓಡಿ ಕಲಿತ ಜಾಗ ಅದು. ಚೆಂಡು ಎಲ್ಲಿ ಬೀಳುತ್ತದೆಂದು ನನಗೆ ಎಲ್ಲರಿಗಿಂತ ಮೊದಲು ಕಾಣುತ್ತಿತ್ತು. ತಲುಪುತ್ತಿದ್ದದ್ದು ಮಾತ್ರ ಎಲ್ಲರೂ ಬಂದು ಹೋದ ಮೇಲೆ. ಒಂದು ಸಲ ಸಿಟ್ಟಿನಿಂದ ನುಗ್ಗಿದೆ. ನನ್ನನ್ನು ಕಾಯುತ್ತಿದ್ದ ಫುಲ್ ಬ್ಯಾಕ್ ನನ್ನ ಎದೆಗೆ ತಾಗಿ ದೂರ ಹೋಗಿ ಬಿದ್ದು ಹೊರಳಾಡಿದ. ಬೇಲಿಯ ಆಚೆ ನಿಂತಿದ್ದ ಹಮಾಲರು ಶಹಬ್ಬಾಸ್ ಎಂದರು, ರೆಫ್ರಿ ಸೀಟಿ ಊದಿದ. ಮಾವನ ಗರಡಿಯಲ್ಲಿ ಅದಕ್ಕೆ ಪೇಟ ಕಟ್ಟುತ್ತಿದ್ದರು.

ನನ್ನ ನಂತರ ಒಬ್ಬ ಹುಡುಗನನ್ನು ಇಳಿಸಿದರು. ಹುಣಸೆ ಬರಲಿನಂತಿದ್ದ. ಅವನು ಓಡುವುದನ್ನು ನೋಡುತ್ತ ಕೂತೆ. ಅದು ನನ್ನ ಓಟ, ನಾನು ಎಲ್ಲೋ ಕಳೆದುಕೊಂಡಿದ್ದು ಅವನಿಗೆ ಸಿಕ್ಕಿತ್ತು.

ಸಂಜೆ ತರಬೇತುದಾರರು ಬಂದು ಪಕ್ಕದಲ್ಲಿ ಕೂತರು. ‘ಏನ್ ಮಾಡಿಕೊಂಡ್ಯೋ ಇದನ್ನ?’ ಎಂದು ಕೇಳಿದರು. ಮನೆಯವರು ಕೇಳುವ ಹಾಗೆ ಕೇಳಿದರು. ಹಾಲು ಎಂದೆ. ಅವರಿಗೆ ಅರ್ಥವಾಗಲಿಲ್ಲ. ‘ಬರೂ ವರ್ಷ ಬಾ ಅನ್ನಾಕ ಬರಂಗಿಲ್ಲ. ವಯಸ್ಸಿನ ಗೆರಿ ದಾಟತಿ,’ ಎಂದು ಹೇಳಿ ಭುಜ ತಟ್ಟಿ ಹೋದರು. ಆ ಭುಜಕ್ಕೆ ತಟ್ಟಿದ್ದು ಗೊತ್ತೂ ಆಗಲಿಲ್ಲ, ಅಷ್ಟು ದಪ್ಪವಾಗಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನ ವಿಷಯದಲ್ಲಿ ಬಾಯಿಗೆ ಬಂದ ತುತ್ತುಗಳೇ ಕೈಗೆ ಬಂದದ್ದನ್ನು ಕಳೆದವು.

ತಿಕೋಟಾದಲ್ಲಿ ಬಸ್ಸಿಳಿದರೆ ಅಪ್ಪ ಕಟ್ಟೆಯ ಮೇಲೆ ಕೂತಿದ್ದ, ಸುತ್ತ ನಾಲ್ಕು ಜನ. ಅವನು ಏಳದೆ ಕೇಳಿದ: ‘ಏನಾತು?’

‘ಆಗಲಿಲ್ಲ ಯಪ್ಪಾ.’

‘ಯಾರನ್ನ ತಗೊಂಡ್ರು?’

‘ಒಬ್ಬ ಹುಡುಗನ್ನ.’

‘ನಿನಗಿಂತ ದೊಡ್ಡಂವ ಇದ್ನೇನು?’

‘ಇಲ್ಲ. ಸಣ್ಣಂವ.’

ಅಪ್ಪ ಸುತ್ತಲಿನವರನ್ನು ನೋಡಿದ, ಅವನ ಮುಖ ಕೆಂಪಾಯಿತು. ‘ಹಂಗಾರ ಅವರಿಗೆ ಕಣ್ಣಿಲ್ಲ,’ ಎಂದ. ಎದ್ದು ನನ್ನ ಹೆಗಲ ಮೇಲೆ ಕೈ ಹಾಕಿ ಮನೆಗೆ ಕರೆದುಕೊಂಡು ಹೋದ. ಸೋತು ಬಂದ ನನ್ನನ್ನು ಅವನು ಮುಟ್ಟಿದ್ದು ಅದೇ ಮೊದಲು. ಹಾಲಿನ ಸಂಗತಿ ಆಗಲೇ ಹೇಳಬೇಕಿತ್ತು ಎನ್ನುವವರು ಎನ್ನಲಿ, ಆ ಕೈಯ ಕೆಳಗೆ ನಡೆಯುವಾಗ ನನಗೆ ಬೇರೆ ಏನೂ ಬೇಕಾಗಿರಲಿಲ್ಲ.

ಮತ್ತೆ ಗಿರಣಿ, ಮತ್ತೆ ಗೇಟು. ಹಾಲಿನ ಮೈ ವರ್ಷದೊಳಗೆ ಹತ್ತಿಯ ಧೂಳಿನಲ್ಲಿ ಕರಗಿಹೋಯಿತು. ಮೊದಲಿನಷ್ಟೇ ತೆಳ್ಳಗಾದೆ. ಆದರೆ ಹೋದದ್ದು ಬರಲಿಲ್ಲ. ಮಂಡಿಯಲ್ಲಿ ಏನೋ ಕೂತುಬಿಟ್ಟಿತ್ತು, ಹೆಗಲ ಮೇಲೆ ಇಬ್ಬರನ್ನು ಹೊತ್ತ ಬೈಠಕ್ಕಿನ ಉಡುಗೊರೆ. ಗಿರಣಿಯ ಟೀಮಿಗೆ ಹೊಸ ಹುಡುಗರು ಬಂದ ಮೇಲೆ ಜಾಬರ್ ನನಗೆ ಗೇಟಿನಲ್ಲಿ ಮುಖ ಕೊಡುವುದನ್ನು ಬಿಟ್ಟ. ವಿಜಾಪುರಕ್ಕೆ ವಾಪಸು ಬಂದು ಸೊಲ್ಲಾಪುರ ರಸ್ತೆಯಲ್ಲಿ ಲಾರಿ ರಿಪೇರಿಯ ಶೆಡ್ಡು ಸೇರಿದೆ. ಗ್ರೀಸು ತೊಳೆದುಕೊಂಡು ಸಂಜೆ ಪೇಟೆಯ ಕ್ಲಬ್ಬಿಗೆ ಆಡುತ್ತಿದ್ದೆ. ಈಗ ನನ್ನ ಸ್ವಂತ ಹೆಸರಿನಲ್ಲಿ ಆಡುತ್ತಿದ್ದೆ, ಆದರೆ ಗೋಲು ಬರುತ್ತಿರಲಿಲ್ಲ.

ಅಪ್ಪ ಮಾತ್ರ ಕಟ್ಟೆಯ ಮೇಲೆ ರೈಲ್ವೆಯ ಜೊತೆ ಜಗಳ ಆಡುತ್ತಲೇ ಇದ್ದ. ಯಾರಾದರೂ ನಿನ್ನ ಮಗ ಏನು ಮಾಡುತ್ತಾನೆ ಎಂದರೆ ಸಾಕು. ಅಂಥಾ ಮೈಯನ್ನು ಬಿಟ್ಟು ಕಡ್ಡಿಯಂಥವನನ್ನು ತಗೊಂಡ ಕುರುಡರ ಕಥೆ ಶುರುವಾಗುತ್ತಿತ್ತು. ಕೇಳಿದವರೇ ಮತ್ತೆ ಕೇಳುತ್ತಿದ್ದರು. ಒಬ್ಬಿಬ್ಬರು ನಕ್ಕಾಗ ಅವರ ಮನೆಯ ಬಾಗಿಲು ತುಳಿಯುವುದನ್ನೇ ಬಿಟ್ಟ. ನಾನು ನಾಲ್ಕು ವರ್ಷ ಉಸಿರಾಡಿದ್ದು ಆ ಜಗಳದ ಬಲದಿಂದ. ಜಗತ್ತಿನಲ್ಲಿ ಒಬ್ಬನಾದರೂ ನನಗೆ ಅನ್ಯಾಯವಾಗಿದೆ ಎಂದು ನಂಬಿದ್ದ.

ಅರವತ್ತರ ದಶಕದ ಕೊನೆಯ ಭಾಗ. ನಮ್ಮ ನಗರದ ಟೂರ್ನಮೆಂಟಿಗೆ ಆ ರೈಲ್ವೆ ಟೀಮು ಬಂತು. ಮೊದಲ ಆಟವೇ ನಮ್ಮ ಕ್ಲಬ್ಬಿನ ಮೇಲೆ. ಸುದ್ದಿ ತಿಕೋಟಾ ಮುಟ್ಟಿ, ಅಂದು ಮಧ್ಯಾಹ್ನ ಅಪ್ಪ ಶೆಡ್ಡಿನ ಮುಂದೆ ಬಂದು ನಿಂತ. ತಲೆಗೆ ಪಟಕ, ಕೈಯಲ್ಲಿ ಬಡಿಗೆ.

‘ಆ ಕುರುಡರ ಮಾರಿ ನೋಡಾಕ ಬಂದೀನಿ,’ ಎಂದ.

ಆಟ ನೋಡಬೇಡ ಎಂದು ಹೇಳಬೇಕೆನಿಸಿತು. ಯಾವ ಕಾರಣ ಕೊಡಲಿ? ಕರೆದುಕೊಂಡು ಹೋಗಿ ಗೆರೆಯ ಪಕ್ಕ ಒಂದು ಕಲ್ಲಿನ ಮೇಲೆ ಕೂರಿಸಿದೆ. ಎಪ್ಪತ್ತರ ಹತ್ತಿರದ ಮನುಷ್ಯ, ಅಲ್ಲಿಯವರೆಗೆ ಒಂದೇ ಒಂದು ಫುಟ್‌ಬಾಲ್ ಆಟ ನೋಡಿರಲಿಲ್ಲ.

ಮೊದಲರ್ಧದಲ್ಲಿ ಅವನು ಬಡಿಗೆ ನೆಲಕ್ಕೆ ಕುಟ್ಟುತ್ತ ರೈಲ್ವೆಯವರನ್ನು ಬೈಯುತ್ತಿದ್ದುದು ಮೈದಾನದೊಳಗಿದ್ದ ನನಗೂ ಕೇಳುತ್ತಿತ್ತು. ನಡುವೆ ಎಲ್ಲೋ ಆ ಸದ್ದು ನಿಂತಿತು. ರೈಲ್ವೆಯ ಸೆಂಟರ್ ಫಾರ್ವರ್ಡ್ ನಮ್ಮ ಫುಲ್ ಬ್ಯಾಕಿನ ಬೆನ್ನ ಹಿಂದೆ ಬಿದ್ದ ಚೆಂಡಿಗೆ ಹೋಗಿ ಮುಟ್ಟಿದ್ದ, ಅವನು ಹೊರಳುವುದರೊಳಗೆ ಗೋಲು ಹೊಡೆದಿದ್ದ. ಆಮೇಲೆ ಇನ್ನೊಂದು, ಹಾಗೆಯೇ. ನಾನು ಅಪ್ಪನ ಕಡೆ ನೋಡಿದೆ. ಅವನು ಚೆಂಡನ್ನು ನೋಡುತ್ತಿರಲಿಲ್ಲ. ಆ ಹುಡುಗನ ಕಾಲುಗಳನ್ನು ನೋಡುತ್ತಿದ್ದ. ಗರಡಿಯಲ್ಲಿ ಹೊಸ ಪೈಲ್ವಾನ ಬಂದರೆ ನೋಡುತ್ತಿದ್ದನಲ್ಲ, ಆ ನೋಟ.

ಸೋತು ಹೊರಗೆ ಬಂದೆ. ಅಂಗಿ ಬದಲಿಸುತ್ತಿದ್ದಾಗ ಅಪ್ಪ ಹತ್ತಿರ ಬಂದ.

‘ಆ ಹುಡುಗ ಯಾರು?’

‘ನನ್ನ ಬದಲಿ ತಗೊಂಡ್ರಲ್ಲ ಯಪ್ಪಾ, ಅಂವನ ಇಂವ.’

‘ಏನ್ ತಿನಸ್ತಾರ ಅಂವಗ?’

‘ಏನಿಲ್ಲ. ಎಲ್ಲಾರೂ ತಿಂದಂಗ ತಿಂತಾನ.’

ಬಸ್ ಸ್ಟ್ಯಾಂಡಿನವರೆಗೆ ನಡೆದೇ ಬಂದೆವು. ತಿಕೋಟಾದ ಬಸ್ಸಿಗೆ ಇನ್ನೂ ಹೊತ್ತಿತ್ತು. ಚಹಾ ಬೇಡ ಎಂದ. ಬೆಂಚಿನ ಮೇಲೆ ಕೂತು ಬಡಿಗೆಯನ್ನು ಮಂಡಿಗಳ ನಡುವೆ ಇಟ್ಟುಕೊಂಡ.

‘ಎದುರಿನ ಪೈಲ್ವಾನನ್ನ ನೋಡ್ಲಾರದ ನಾ ಯಾವ ಹುಡುಗನ್ನೂ ಕಣಕ್ಕ ಇಳಿಸಿದಾಂವ ಅಲ್ಲ,’ ಎಂದ. ‘ನಿನ್ನ ಆಟಾನ ನೋಡ್ಲಾರದ ನಿನ್ನ ಇಳಿಸಿದೆ.’

‘ಹಂಗ್ಯಾಕ ಅಂತಿ ಯಪ್ಪಾ. ಅವರಿಗೆ ಕಣ್ಣಿರಲಿಲ್ಲ,’ ಎಂದೆ.

‘ಇತ್ತು.’

ನಾನು ಮತ್ತೆ ಏನೋ ಹೇಳಹೋದೆ, ಹಾಲಿನಿಂದ ಏನೂ ಆಗಿಲ್ಲ, ನನಗೆ ಆಗಲೇ ವಯಸ್ಸಾಗಿತ್ತು, ಮಂಡಿ ಮೊದಲೇ ಕೆಟ್ಟಿತ್ತು ಎಂದೆಲ್ಲ. ಮೈ ನೋಡಿ ಜೀವನ ಕಳೆದ ಮನುಷ್ಯನ ಮುಂದೆ ಮೈಯ ಬಗ್ಗೆ ಸುಳ್ಳು ನಡೆಯುವುದಿಲ್ಲ. ಅವನು ಕೈ ಎತ್ತಿ ನನ್ನ ಮಾತು ನಿಲ್ಲಿಸಿದ.

‘ನಿನ್ನ ಚಿತ್ ಮಾಡಿದಾಂವ ನಾನ,’ ಎಂದ.

ಬಸ್ಸು ಬಂತು. ಹತ್ತುವಾಗ ಕೈ ಹಿಡಿಯಲು ಹೋದೆ, ಹಿಡಿಯಗೊಡಲಿಲ್ಲ. ಕಿಟಕಿಯ ಪಕ್ಕ ಕೂತು ಎದುರಿನ ಸೀಟನ್ನೇ ನೋಡುತ್ತ ಹೋದ. ಆಮೇಲೆ ಊರಿನಲ್ಲಿ ಯಾರಾದರೂ ನನ್ನ ಬಗ್ಗೆ ಕೇಳಿದರೆ, ಲಾರಿ ಶೆಡ್ಡಿನಲ್ಲಿ ಇದ್ದಾನೆ ಎಂದಷ್ಟೇ ಹೇಳುತ್ತಿದ್ದನಂತೆ. ರೈಲ್ವೆಯ ಮಾತು ತೆಗೆದರೆ ಕಟ್ಟೆಯಿಂದ ಎದ್ದು ಮನೆಗೆ ಹೋಗುತ್ತಿದ್ದನಂತೆ. ನಾನು ಹಬ್ಬಕ್ಕೆ ಹೋದಾಗ ಅವ್ವ ಹಾಲಿನ ಬಟ್ಟಲು ತಂದರೆ ಅವನು ಹೊರಗೆ ಹೋಗಿ ನಿಲ್ಲುತ್ತಿದ್ದ. ಆ ನೌಕರಿ ಹೋದದ್ದಕ್ಕೆ ನಾನು ಅತ್ತಿದ್ದು ಒಂದು ಸಲ. ನನಗೆ ಅನ್ಯಾಯವಾಯಿತು ಎಂದು ನಂಬಿದ್ದ ಒಬ್ಬನೇ ಒಬ್ಬ ಮನುಷ್ಯನೂ ಆ ಸಂಜೆ ಹೋದದ್ದಕ್ಕೆ ಇನ್ನೂ ಅಳುತ್ತೇನೆ.